ಅಪ್‌ಡೇಟ್: ಫೋರ್ಟ್ ಕೊಚ್ಚಿ ನಡೆದೇ ಮುಗಿಸಿದೆ

ಒಂದೇ ದಿನದಲ್ಲಿ ಕೇರಳದ ಕೊಚ್ಚಿಯ ಹಳೇ ಭಾಗಗಳಾದ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಎರಡನ್ನೂ ನಡೆದು ನೋಡಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಆಗುತ್ತೆ. ಆದರೆ ಬಿಸಿಲು ಸುಮ್ನೆ ಬಿಡಲ್ಲ.

ಶುಕ್ರವಾರ, ಶನಿವಾರ ಬೇಡ ಅಂದವರಿಗೆ ಥ್ಯಾಂಕ್ಸ್. ಮಟ್ಟಾಂಚೇರಿ ಅರಮನೆ ಶುಕ್ರವಾರ ರಜೆ, ಅಲ್ಲಿನ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಶನಿವಾರ ರಜೆ. ನಾನು ಗುರುವಾರ ಹೋದೆ. ಎರ್ನಾಕುಲಂ ಜೆಟ್ಟಿಯಿಂದ ಬೆಳಿಗ್ಗೆ ಬೋಟ್ ಹಿಡಿದೆ.

ಮೊದಲು ಫೋರ್ಟ್ ಕೊಚ್ಚಿ ದಡದಲ್ಲಿ ಮೀನು ಹಿಡಿಯೋ ಚೀನಿ ಬಲೆಗಳು. ಫೋಟೋದಲ್ಲಿ ನೋಡಿದ್ದಕ್ಕಿಂತ ತುಂಬಾ ದೊಡ್ಡವು. ಮರದ ತೊಲೆಯ ಹಿಂದೆ ಹಗ್ಗದಲ್ಲಿ ಗುಂಡುಕಲ್ಲುಗಳನ್ನು ಕಟ್ಟಿರ್ತಾರೆ. ನಾಲ್ಕೈದು ಜನ ಹಗ್ಗ ಎಳೆದರೆ ಕಲ್ಲುಗಳು ಒಂದೊಂದಾಗಿ ಇಳಿಯುತ್ತವೆ, ಬಲೆ ನೀರಿಂದ ಮೇಲೇಳುತ್ತೆ. ಅಷ್ಟೆಲ್ಲ ಎಳೆದು ಸಿಕ್ಕಿದ್ದು ಒಂದು ಹಿಡಿ ಮೀನು! ಅಲ್ಲೇ ಅರ್ಧ ಗಂಟೆ ನಿಂತುಬಿಟ್ಟೆ.

ಸೇಂಟ್ ಫ್ರಾನ್ಸಿಸ್ ಚರ್ಚ್ ಹತ್ತಿರದಲ್ಲೇ ಇದೆ. ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಿದ್ದು ಇಲ್ಲೇ. ಆಮೇಲೆ ಅಸ್ಥಿ ಪೋರ್ಚುಗಲ್‌ಗೆ ಹೋಯ್ತು, ಈಗ ಉಳಿದಿರೋದು ಸಮಾಧಿಯ ಕಲ್ಲು ಮಾತ್ರ.

ಮಟ್ಟಾಂಚೇರಿ ದಾರಿಯಲ್ಲಿ ನನ್ನ ಹೊಸ ಚಪ್ಪಲಿ ಕಚ್ಚಿತು. ಹಳೇದೇ ಹಾಕ್ಕೊಂಡು ಹೋಗಿ ಅಂತ ಒಬ್ಬರು ಹೇಳಿದ್ದರು, ಕೇಳಲಿಲ್ಲ. ಅರಮನೆಯ ರಾಮಾಯಣದ ಗೋಡೆಚಿತ್ರಗಳನ್ನು ಕುಂಟುತ್ತಲೇ ನೋಡಿದೆ. 1568ರ ಸಿನಗಾಗ್‌ನಲ್ಲಿ ಚಪ್ಪಲಿ ಬಿಡಬೇಕು, ಅದೇ ದೊಡ್ಡ ಸಮಾಧಾನ! ನೆಲದ ನೀಲಿ-ಬಿಳಿ ಚೀನಿ ಟೈಲ್ಸ್ ಪಾದಕ್ಕೆ ತಂಪಾಗಿತ್ತು. ಎಲ್ಲ ಕೈಯಲ್ಲೇ ಬಿಡಿಸಿದ್ದು, ಒಂದರಂತೆ ಇನ್ನೊಂದಿಲ್ಲವಂತೆ.

ವಾಪಸ್ ನಡೆಯಲಿಲ್ಲ, ಆಟೋ ಹತ್ತಿದೆ. ನಾನು ಅಷ್ಟು ಮೋಸ ಮಾಡಿದರೆ ನಡೆಯುತ್ತೆ ಅಲ್ವಾ?