ಬನಾವೆ ಟ್ರಿಪ್‌ನಲ್ಲಿ ಕಿಯಾಂಗನ್‌ಗೆ ಒಂದು ದಿನ ಇಡಬಹುದಾ? (ಯಮಾಶಿತ ಶರಣಾದ ಊರು)

ಗುಡ್ಡದಬೆನ್ನು:
ಏಪ್ರಿಲ್‌ಗೆ ಫಿಲಿಪ್ಪೀನ್ಸ್ ಪ್ಲಾನ್ ಇದೆ, ಬೀಚ್ ಗೀಚ್ ಬೇಡ, ಲುಜಾನ್ ದ್ವೀಪದ ಉತ್ತರದ ಬೆಟ್ಟದ ಕಡೆ ಹೋಗಿ ಇಫುಗಾವೊ ಪ್ರಾಂತ್ಯದ ಮೆಟ್ಟಿಲು ಗದ್ದೆ ನೋಡ್ಬೇಕು ಅಂತ. ಯಾರನ್ನ ಕೇಳಿದ್ರೂ ಬನಾವೆ, ಬಟಾಡ್ ಅಂತಾರೆ. ಮ್ಯಾಪ್‌ನಲ್ಲಿ ಹತ್ರದಲ್ಲೇ ಕಿಯಾಂಗನ್ ಅಂತ ಒಂದು ಸಣ್ಣ ಮುನಿಸಿಪಾಲಿಟಿ ಕಾಣ್ತು, 1945ರಲ್ಲಿ ಜಪಾನಿನ ಜನರಲ್ ಯಮಾಶಿತ ಶರಣಾಗಿದ್ದು ಇಲ್ಲೇ ಅಂತ ಒಂದು ಕಡೆ ಇದೆ, ಇನ್ನೊಂದು ಕಡೆ ಬಾಗಿಯೊ ಅಂತ ಇದೆ. ಯಾವ್ದು ನಿಜ? ಒಂದು ದಿನ ಕೊಡೋ ಅಷ್ಟು ಇದ್ಯಾ ಇಲ್ಲ ಬರೀ ಒಂದು ಕಲ್ಲು ನಿಲ್ಸಿದಾರಾ?

ಹಳೇನಕ್ಷೆ:
ಎರಡೂ ನಿಜ ಗುರು. ಬೆಟ್ಟದಿಂದ ಇಳಿದು ಬಂದು ಅಮೆರಿಕನ್ನರ ಕೈಗೆ ಸಿಕ್ಕಿದ್ದು ಕಿಯಾಂಗನ್‌ನಲ್ಲಿ, 1945ರ ಸೆಪ್ಟೆಂಬರ್ 2, ಅದೇ ದಿನ ಟೋಕಿಯೋ ಕೊಲ್ಲಿಯಲ್ಲಿ ಮಿಸ್ಸೌರಿ ಹಡಗಿನ ಮೇಲೆ ಜಪಾನ್ ಶರಣಾಗತಿಗೆ ಸಹಿ ಹಾಕ್ತಿತ್ತು. ಮಾರನೇ ದಿನ ಬಾಗಿಯೊದ ಕ್ಯಾಂಪ್ ಜಾನ್ ಹೇಯಲ್ಲಿ ಕಾಗದಕ್ಕೆ ಸಹಿ. ಆ ಸಹಿ ಹೊತ್ತಲ್ಲಿ ಎದುರಿಗಿದ್ದೋರಲ್ಲಿ ಪರ್ಸಿವಲ್ ಒಬ್ಬ, 1942ರ ಫೆಬ್ರವರಿ 15ಕ್ಕೆ ಸಿಂಗಾಪುರದಲ್ಲಿ ಇದೇ ಯಮಾಶಿತನಿಗೆ ಶರಣಾಗಿದ್ದ ಬ್ರಿಟಿಷ್ ಜನರಲ್. ಆವತ್ತು ಸೆರೆ ಸಿಕ್ಕೋರಲ್ಲಿ ನಮ್ಮ ಇಂಡಿಯನ್ ಸೈನಿಕರು ಸುಮಾರು 40 ಸಾವಿರ ಜನ ಇದ್ರು, ಆಜಾದ್ ಹಿಂದ್ ಫೌಜ್‌ಗೆ ತುಂಬಾ ಜನ ಸೇರಿದ್ದೂ ಅವರಿಂದಾನೇ, ಸೋ ನಮಗೂ ಈ ಮನುಷ್ಯ ತೀರಾ ದೂರದೋನಲ್ಲ.

ಕಿಯಾಂಗನ್‌ನಲ್ಲಿ ಅವನನ್ನ ಕರ್ಕೊಂಡು ಬಂದಿದ್ದು ಊರಿನ ಸೆಂಟ್ರಲ್ ಸ್ಕೂಲಿಗೆ, ಅಲ್ಲಿನ ಹೋಮ್ ಎಕನಾಮಿಕ್ಸ್ ಕಟ್ಟಡಕ್ಕೆ. ಮಕ್ಕಳಿಗೆ ಅಡುಗೆ ಹೊಲಿಗೆ ಕಲಿಸೋ ರೂಮು! ಸಿಂಗಾಪುರ ಗೆದ್ದೋನ ಕಥೆ ಬಂದು ನಿಂತಿದ್ದು ಅಲ್ಲಿ, ನನಗೆ ದೊಡ್ಡ ಸ್ಮಾರಕಕ್ಕಿಂತ ಅದೇ ಇಷ್ಟ ಆಯ್ತು. ವಾರ್ ಮೆಮೋರಿಯಲ್ ಶ್ರೈನ್ ಬೇರೆ ಕಡೆ ಇದೆ, ಇಫುಗಾವೊ ಮನೆಯ ಚೂಪು ಚಾವಣಿ ಥರಾನೇ ಕಟ್ಟಿರೋ ಕಾಂಕ್ರೀಟ್, ಸುತ್ತ ದೊಡ್ಡ ಹುಲ್ಲುಹಾಸು. ಹತ್ರಾನೇ ನ್ಯಾಷನಲ್ ಮ್ಯೂಸಿಯಂನ ಇಫುಗಾವೊ ಶಾಖೆ, ಅದನ್ನ ಬಿಡ್ಬೇಡಿ.

ಬಾಳೆಬರೆ ಭಟ್ರು:
ಮಾರಾಯ್ರೆ ಎಲ್ಲರೂ ಯಮಾಶಿತ ಯಮಾಶಿತ ಅಂತಾರೆ, ಆ ಊರಿನೋರ ಕಥೆ ಯಾರೂ ಕೇಳುದಿಲ್ಲ. ಕೊನೆಯ ತಿಂಗಳುಗಳಲ್ಲಿ ಜಪಾನಿ ಸೈನ್ಯಕ್ಕೆ ಸಪ್ಲೈ ಪೂರ್ತಿ ನಿಂತೋಗಿ ಅವರು ಹಳ್ಳಿಯ ಭತ್ತ, ಗೆಣಸು, ಹಂದಿ, ಕೋಳಿ ಎಲ್ಲ ಬಾಚಿಕೊಂಡು ತಿಂದ್ರು, ಮೇಲಿಂದ ಅಮೆರಿಕನ್ ಬಾಂಬು, ಜನ ಮನೆ ಬಿಟ್ಟು ಕಾಡು ಸೇರಿದ್ರು. ಅಲ್ಲೊಂದು ಗುಡ್ಡಕ್ಕೆ ಮಿಲಿಯನ್ ಡಾಲರ್ ಹಿಲ್ ಅಂತಾನೇ ಹೆಸರು, ಅಷ್ಟು ದುಡ್ಡಿನ ಬಾಂಬು ಅದರ ಮೇಲೆ ಸುರಿದ್ರಂತೆ. ಮತ್ತೆ ಯಮಾಶಿತನನ್ನ ಬೆಟ್ಟದ ಮೂಲೆಗೆ ತಳ್ಳಿದ್ದು ಬರೀ ಅಮೆರಿಕನ್ನರಲ್ಲ, ವೋಲ್ಕ್‌ಮನ್ ಅಂತ, 1942ರಲ್ಲಿ ಅಮೆರಿಕನ್ ಪಡೆ ಸೋತ ಬಟಾನ್‌ನಲ್ಲಿ ಶರಣಾಗದೆ ತಪ್ಪಿಸ್ಕೊಂಡು ಬಂದ ಒಬ್ಬ ಅಮೆರಿಕನ್ ಆಫೀಸರ್ ಇದೇ ಬೆಟ್ಟಗಳಲ್ಲಿ ಅಡಗಿ ಗೆರಿಲ್ಲಾ ಪಡೆ ಕಟ್ಟಿದ್ದ, ಅದರಲ್ಲಿ ಹೆಚ್ಚಿನೋರು ಫಿಲಿಪ್ಪಿನೋಗಳು, ಇಫುಗಾವೊ ಹುಡುಗರೂ ಇದ್ರು. ಅವರಿಗೆ ಅನ್ನ ಹಾಕಿ ಬಚ್ಚಿಟ್ಟ ಮನೆಗಳಿಗೆ ಯಾವ ಬೋರ್ಡೂ ಇಲ್ಲ ನೋಡಿ.

ರಾತ್ರಿಪಾಳಿ:
ಚಿನ್ನದ ಬಗ್ಗೆ ಯಾರೂ ಹೇಳ್ತಿಲ್ಲ?? ಜಪಾನಿ ಸೈನ್ಯ ಲೂಟಿ ಮಾಡಿದ್ದು ಅನ್ನೋ ಯಮಾಶಿತ ಗೋಲ್ಡ್ ಅಲ್ಲೇ ಹೂತಿರೋದಂತೆ, ಯೂಟ್ಯೂಬ್ ತುಂಬಾ ಅದೇ

ಹಳೇನಕ್ಷೆ:
@ರಾತ್ರಿಪಾಳಿ ಆ ಕಥೆಗೆ ಗಟ್ಟಿ ಸಾಕ್ಷಿ ಇವತ್ತಿನವರೆಗೂ ಇಲ್ಲ, ಆದ್ರೂ ದೇಶದ ಉದ್ದಗಲಕ್ಕೂ ಗುಡ್ಡ ಅಗೆಯೋರು ನಿಂತಿಲ್ಲ. ಅವನ ಬಗ್ಗೆ ಚರ್ಚೆ ಮಾಡ್ಬೇಕಂದ್ರೆ ಚಿನ್ನಕ್ಕಿಂತ ಅವನ ಯುದ್ಧಾಪರಾಧದ ಕೇಸು ನೋಡು. ಮನಿಲಾದಲ್ಲಿ 1945ರಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ರು, ತನ್ನ ಸೈನಿಕರನ್ನ ತಡೀಲಿಲ್ಲ ಅಂತ ಕಮಾಂಡರ್ ಮೇಲೇ ಹೊಣೆ ಹಾಕಿದ್ರು, ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಯ್ತು, ಇಬ್ಬರು ಜಡ್ಜ್‌ಗಳು ಒಪ್ಪಲಿಲ್ಲ, ಕೊನೆಗೆ 1946ರ ಫೆಬ್ರವರಿ 23ಕ್ಕೆ ಲಾಸ್ ಬಾನ್ಯೋಸ್‌ನಲ್ಲಿ ಗಲ್ಲು. ವಿಚಾರಣೆ ಅವಸರದ್ದು ಅಂತ ನನಗೂ ಅನ್ಸತ್ತೆ, ಹಾಗಂತ ಅವನ ಮೇಲೆ ಕನಿಕರ ಏನೂ ಬರಲ್ಲ.

ಗದ್ದೆಬದು:
ಗದ್ದೆಗೆ ಅಂತ ಹೋಗೋರಿಗೆ ಕಿಯಾಂಗನ್ ಇನ್ನೂ ಒಳ್ಳೇದು. ನಾಗಕಾದಾನ್ ಗದ್ದೆಗಳು 1995ರ ಯುನೆಸ್ಕೊ ಪಟ್ಟಿಯ ಐದು ಗುಂಪಲ್ಲಿ ಒಂದು, ಬನಾವೆ ವ್ಯೂಪಾಯಿಂಟ್ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಗೈಡ್‌ಗಳು ಇದನ್ನ ಹೇಳಲ್ಲ. ಬದು ಮೇಲೇನೇ ನಡೀಬೇಕು, ಒಂದು ಪಾದ ಇಡೋ ಅಷ್ಟು ಅಗಲ, ಒಂದು ಕಡೆ ನೀರು ಇನ್ನೊಂದು ಕಡೆ ಆಳು ಎತ್ತರದ ಇಳುಕಲು, ಗ್ರಿಪ್ ಇರೋ ಶೂ ಹಾಕಿ. ತಿನಾವೊನ್ ಅಂತ ವರ್ಷಕ್ಕೊಂದೇ ಬೆಳೆಯ ಅಕ್ಕಿ ಸಿಕ್ರೆ ತಗೊಳ್ಳಿ. ಈ ಗದ್ದೆಗಳು 2000 ವರ್ಷ ಹಳೇವು ಅಂತಾರೆ ಆದ್ರೆ ಹಳೆ ಕಿಯಾಂಗನ್ ಜಾಗದಲ್ಲಿ ಅಗೆದು ನೋಡಿದ ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ತಂಡ ಹೇಳೋದು ಭತ್ತದ ಗದ್ದೆ ಶುರುವಾಗಿದ್ದು ಸುಮಾರು 1650ರ ಆಸುಪಾಸು, ಅದಕ್ಕೂ ಮುಂಚೆ ಕೆಸು ಬೆಳೀತಿದ್ರು, ಸ್ಪ್ಯಾನಿಷರ ಕೈಗೆ ಸಿಗದೆ ಬೆಟ್ಟದಲ್ಲಿ ಗಟ್ಟಿಯಾಗಿ ನಿಂತ ಜನ. ನನಗೆ ಈ ಲೆಕ್ಕಾನೇ ಹೆಚ್ಚು ರೋಚಕ.

ಗುಡ್ಡದಬೆನ್ನು:
ಥ್ಯಾಂಕ್ಸ್ ಎಲ್ಲರಿಗೂ, ಹಾಗಿದ್ರೆ ಬನಾವೆಗೆ ಒಂದು ದಿನ ಕಮ್ಮಿ ಮಾಡಿ ಇಲ್ಲೇ ರಾತ್ರಿ ಉಳ್ಕೋತೀನಿ. ಮನಿಲಾದಿಂದ ಡೈರೆಕ್ಟ್ ಬಸ್?

ಗದ್ದೆಬದು:
ಬನಾವೆ ನೈಟ್ ಬಸ್ ಹತ್ತಿ ದಾರಿಯಲ್ಲಿ ಸಿಗೋ ಲಗಾವೆಯಲ್ಲಿ ಇಳೀರಿ, ಅಲ್ಲಿಂದ ಜೀಪ್ನಿ (ಶೇರ್ ಜೀಪ್) ಅಥವಾ ಟ್ರೈಸಿಕಲ್ (ಸೈಡ್‌ಕಾರ್ ಇರೋ ಬೈಕ್). ಸ್ವೆಟರ್ ಬ್ಯಾಗ್ ತಳದಲ್ಲಿ ಇಡ್ಬೇಡಿ, ಬೆಟ್ಟದ ಚಳಿಗಿಂತ ಬಸ್ಸಿನ ಎಸಿ ಜಾಸ್ತಿ.