ಅಪ್‌ಡೇಟ್: ಅಡುಗೆಮನೆ ಟೈಲ್ಸ್ ಒಡೆಸುವಾಗ ಉಬ್ಬಸ ಇರೋ ಅತ್ತೆ ಮನೆಯಲ್ಲಿರಬಹುದಾ ಅಂತ ಕೇಳಿದ್ದೆ

ತುಂಬಾ ಜನ ಬೇಡ ಅಂದಿರಿ. ಜಯನಗರದ ನಮ್ಮ ಮನೆಯಿಂದ ಅತ್ತೆಯನ್ನು ಮಲ್ಲೇಶ್ವರದ ನಾದಿನಿ ಮನೆಗೆ ಕಳಿಸಿದೆವು. ಒಳ್ಳೇದೇ ಆಯ್ತು. ಬಾಗಿಲಿಗೆ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿದ್ದರೂ ದೇವರ ಮನೆ ದೀಪದ ಬತ್ತಿ ಮೇಲೂ ಬಿಳಿ ಪುಡಿ ಕೂತಿತ್ತು. ಟೈಲ್ಸ್ ಕತ್ತರಿಸುವ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ನೀರು ಹಾಕುತ್ತಾ ಕತ್ತರಿಸಿ ಅಂತ ಮೇಸ್ತ್ರಿಗೆ ಹೇಳಿ, ಕೆಲಸದವರಿಗೂ ಎನ್95 ಮಾಸ್ಕ್ ಕೊಟ್ಟೆವು. ಅವರಿಗೂ ಉಸಿರಾಟ ಮುಖ್ಯ ಅಲ್ವಾ?

ಅಡುಗೆ ಈಗ ಹಾಲ್‌ನಲ್ಲಿ, ಇಂಡಕ್ಷನ್ ಒಲೆ ಮೇಲೆ. ಅನ್ನ ಸಾರು ಸಾಕು.

ಒಡೆದ ಟೈಲ್ಸನ್ನು ದಿನದ ಕಸದ ಗಾಡಿಗೆ ಹಾಕುವಂತಿಲ್ಲ. ಸಾಗಿಸುವ ಖರ್ಚನ್ನು ಮೊದಲೇ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ, ಆಮೇಲೆ ಜಗಳ ಬೇಡ. ಇಡೀ ಮನೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಅತ್ತೆಯನ್ನು ಕರೆತರುತ್ತೇವೆ. ಎಲ್ಲರಿಗೂ ಥ್ಯಾಂಕ್ಸ್.