ಯಾವ ಆಟ ಯಾವ ಯಂತ್ರದಲ್ಲಿ: ನಮ್ಮ ಮನೆಯ ಗುಂಪಿನಲ್ಲಿ ಒಂದು ಭಾನುವಾರ

ಭಾನುವಾರ ಬೆಳಿಗ್ಗೆ ತಮ್ಮ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಹಾಕಿದ. ಮನೆಯವರೆಲ್ಲ ಸೇರಿ ಕೊಂಡಿರುವ 21 ವಿಡಿಯೊ ಗೇಮ್‌ಗಳಲ್ಲಿ ಯಾವುದನ್ನು ಅವನ ಪಿಸಿಯಲ್ಲಿ, ಯಾವುದನ್ನು ಹಾಲ್‌ನಲ್ಲಿರುವ ಪ್ಲೇಸ್ಟೇಷನ್ 5ರಲ್ಲಿ, ಯಾವುದನ್ನು ಅಕ್ಕನ ನಿಂಟೆಂಡೊ ಸ್ವಿಚ್‌ನಲ್ಲಿ, ಯಾವುದನ್ನು ಚಿಕ್ಕಪ್ಪನ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ಪಿಸಿಯಲ್ಲಿ ಆಡಬೇಕು ಎಂಬ ಪಟ್ಟಿ ಅದು. ಧ್ವನಿ ಸಂದೇಶ ಕಳಿಸಬಾರದು, ಅರ್ಧ ವಾಕ್ಯ ಬರೆಯಬಾರದು ಎಂದು ಚಿಕ್ಕಪ್ಪ ಹಿಂದೆಯೇ ಕಟ್ಟುಮಾಡಿರುವುದರಿಂದ ನಮ್ಮ ಗುಂಪಿನಲ್ಲಿ ಜಗಳವೂ ಪೂರ್ಣ ವಾಕ್ಯಗಳಲ್ಲಿಯೇ ನಡೆಯುತ್ತದೆ.

ತಮ್ಮ: ಒಂದೇ ಆಟವನ್ನು ಎರಡೆರಡು ಕಡೆ ಕೊಂಡು ಹಣ ಪೋಲಾಗುತ್ತಿರುವುದರಿಂದ ಈ ಪಟ್ಟಿಯನ್ನು ಮಾಡಿದ್ದೇನೆ. ಇದಕ್ಕೆ ಆಧಾರ ಒಂದೇ: ಯಾವ ಯಂತ್ರದಲ್ಲಿ ಚಿತ್ರ ಹೆಚ್ಚು ಸ್ಪಷ್ಟವಾಗಿಯೂ ಚಲನೆ ಹೆಚ್ಚು ನಯವಾಗಿಯೂ ಬರುತ್ತದೆಯೋ ಅಲ್ಲಿಯೇ ಆಡುವುದು. ಸೆಕೆಂಡಿಗೆ 30 ಫ್ರೇಮ್, ಅಂದರೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳು, ಓಡುವಾಗ ಒಂದೊಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡ್ ಪರದೆಯ ಮೇಲೆ ನಿಲ್ಲುತ್ತದೆ; 60 ಓಡುವಾಗ ಸುಮಾರು 17 ಮಾತ್ರ. ಗುಂಡಿ ಒತ್ತಿದ ಕ್ಷಣಕ್ಕೂ ಕತ್ತಿ ಬೀಸಿದ ಕ್ಷಣಕ್ಕೂ ನಡುವಿನ ಈ ವ್ಯತ್ಯಾಸ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಈ ಲೆಕ್ಕದಲ್ಲಿ 17 ಆಟಗಳು ಪಿಸಿಗೆ ಹೋಗಿವೆ. ಆಕ್ಷೇಪಗಳಿದ್ದರೆ ಸಂಜೆಯೊಳಗೆ ತಿಳಿಸಿ.

ಅಕ್ಕ: ಪಿಸಿ ಯಾರ ಕೋಣೆಯಲ್ಲಿದೆ ಎಂಬ ಕಾಲಂ ಪಟ್ಟಿಯಲ್ಲಿ ಕಾಣಲಿಲ್ಲ.

ತಮ್ಮ: ಅದು ಇಲ್ಲಿ ಪ್ರಸ್ತುತವಲ್ಲ ಅಕ್ಕಾ.

ಅಕ್ಕ: ನನಗೆ ಅದೊಂದೇ ಪ್ರಸ್ತುತ. ಹೇಡೀಸ್ ಆಟವನ್ನು ನೀನು ಪಿಸಿಗೆ ಬರೆದಿದ್ದೀಯೆ. ಅದರ ಪೂರ್ಣ ಆವೃತ್ತಿ 2020ರ ಸೆಪ್ಟೆಂಬರಿನಲ್ಲಿ ಪಿಸಿಗೂ ಸ್ವಿಚ್‌ಗೂ ಒಟ್ಟಿಗೇ ಬಂತು. ಒಂದು ಸುತ್ತು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಸತ್ತರೆ ಮತ್ತೆ ಮೊದಲಿನಿಂದ ಹೊರಡಬೇಕು. ನನ್ನ ಸ್ವಿಚ್‌ನ ಪರದೆ ಕೈಯಲ್ಲಿ ಹಿಡಿದಾಗ 720 ಗೆರೆಗಳಷ್ಟೇ ಎಂಬುದು ನನಗೂ ಗೊತ್ತು. ಆದರೆ ಮಗು ಎದ್ದಾಗ ನಾನು ಸ್ವಿಚ್ಚನ್ನು ಮಲಗಿಸುತ್ತೇನೆ, ಮಗು ಮಲಗಿದಾಗ ಸ್ವಿಚ್ಚನ್ನು ಎಬ್ಬಿಸುತ್ತೇನೆ, ಬಿಟ್ಟಲ್ಲಿಂದಲೇ ಆಟ ಮುಂದುವರಿಯುತ್ತದೆ. ನಿನ್ನ ಕೋಣೆಯ ಬಾಗಿಲು ತಟ್ಟಿ, ನೀನು ಎದ್ದು ಕುರ್ಚಿ ಬಿಟ್ಟುಕೊಡುವವರೆಗೆ ಕಾದು, ಪಿಸಿ ಅಪ್‌ಡೇಟ್ ಮುಗಿಸುವವರೆಗೆ ಇನ್ನೊಮ್ಮೆ ಕಾದು, ಆಮೇಲೆ ನಯವಾದ ಚಲನೆ ನೋಡುವಷ್ಟು ಪುರುಸೊತ್ತು ನನಗಿಲ್ಲ. ಆ ಆಟವನ್ನು ನಾನು ಮುಗಿಸಿದ್ದೇನೆ. ನೀನು ಮುಗಿಸಿದ್ದೀಯಾ?

ತಮ್ಮ: ನಾನು ಮುಗಿಸಿದೆನೋ ಇಲ್ಲವೋ ಎಂಬುದು ಪಟ್ಟಿಯ ವಿಷಯವಲ್ಲ.

ಭಾವ: ಆ ಉತ್ತರವನ್ನು ಇಲ್ಲ ಎಂದು ಬರೆದುಕೊಳ್ಳುತ್ತೇನೆ. ಆದರೆ ನಾನು ಪೂರ್ತಿ ವಿರೋಧ ಪಕ್ಷದವನೂ ಅಲ್ಲ. ಏಜ್ ಆಫ್ ಎಂಪೈರ್ಸ್‌ನಂಥ ಆಟ ಪಿಸಿಯಲ್ಲಿಯೇ ಇರಬೇಕು. ಅದರ ಎರಡನೆಯ ಭಾಗದ ಹೊಸ ಆವೃತ್ತಿ 2023ರಲ್ಲಿ ಎಕ್ಸ್‌ಬಾಕ್ಸ್‌ಗೂ ಬಂತು, ಕಂಟ್ರೋಲರ್‌ಗೆ ಅದನ್ನು ಒಗ್ಗಿಸಲು ಬಹಳ ಜಾಣ್ಮೆಯನ್ನೂ ತೋರಿಸಿದ್ದಾರೆ. ಆದರೂ ನಲವತ್ತು ಸೈನಿಕರನ್ನು ಒಂದೇ ಎಳೆತಕ್ಕೆ ಆರಿಸಿ, ಹತ್ತು ಜನರನ್ನು ಬೇರೆ ದಾರಿಗೆ ಕಳಿಸುವ ಕೆಲಸ ಮೌಸ್‌ನಲ್ಲಿ ಆಗುವಷ್ಟು ಸಲೀಸಾಗಿ ಹೆಬ್ಬೆರಳಿನಲ್ಲಿ ಆಗುವುದಿಲ್ಲ. ಇದಕ್ಕೆ ಕಾರಣ ಗ್ರಾಫಿಕ್ಸ್ ಅಲ್ಲ, ಕೈ. ಸಿವಿಲೈಸೇಶನ್ 6ನ್ನೂ ನೀನು ಅದೇ ಸಾಲಿಗೆ ತಳ್ಳಿರುವುದು ಸರಿಯಲ್ಲ. ಅದು ಸರದಿಯ ಆಟ. ಅಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಕೇಳುವುದು ಚದುರಂಗದ ಹಲಗೆ ಎಷ್ಟು ವೇಗವಾಗಿದೆ ಎಂದು ಕೇಳಿದ ಹಾಗೆ. ಸ್ವಿಚ್‌ಗೂ ಪಿಸಿ ಆಟಗಳ ಅಂಗಡಿಯಾದ ಸ್ಟೀಮ್‌ಗೂ ನಡುವೆ ಅದರ ಸೇವ್, ಅಂದರೆ ಆಟ ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆ, ಓಡಾಡುತ್ತದೆ ಕೂಡ.

ತಮ್ಮ: ಒಪ್ಪಿದೆ ಭಾವ, ಅದೊಂದನ್ನು ತಿದ್ದುತ್ತೇನೆ. ಆದರೆ ಚಿತ್ರದ ಗುಣಮಟ್ಟವನ್ನು ಹೀಗೆ ಗೇಲಿ ಮಾಡುವವರು ಸೈಬರ್‌ಪಂಕ್ 2077ರ ಕಥೆಯನ್ನು ನೆನಪಿಸಿಕೊಳ್ಳಬೇಕು. 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ಆ ಆಟ ಪ್ಲೇಸ್ಟೇಷನ್ 4ರಂಥ ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಹದಗೆಟ್ಟಿತ್ತೆಂದರೆ, ವಾರ ಕಳೆಯುವಷ್ಟರಲ್ಲಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ತೆಗೆದರು. ಮತ್ತೆ ಅಲ್ಲಿಗೆ ಬಂದದ್ದು 2021ರ ಜೂನ್‌ನಲ್ಲಿ. ಒಳ್ಳೆಯ ಪಿಸಿ ಇದ್ದವರು ಆ ಆರು ತಿಂಗಳು ಅದನ್ನು ಆಡುತ್ತಲೇ ಇದ್ದರು.

ಭಾವ: ಹಾಗಾದರೆ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1ರ ಕಥೆಯನ್ನೂ ನೆನಪಿಸಿಕೊಳ್ಳೋಣ. 2022ರಲ್ಲಿ ಪ್ಲೇಸ್ಟೇಷನ್ 5ರಲ್ಲಿ ಅಚ್ಚುಕಟ್ಟಾಗಿ ನಡೆಯುತ್ತಿದ್ದ ಅದು 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ ಎಷ್ಟೋ ಜನ ಬೆಳಕು, ಬಣ್ಣ ಮೂಡಿಸುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳು ಸಿದ್ಧವಾಗುವುದನ್ನು ನೋಡುತ್ತಲೇ ಕುಳಿತಿದ್ದರು, ನಡುನಡುವೆ ಆಟವೇ ಮುಚ್ಚಿಕೊಳ್ಳುತ್ತಿತ್ತು. ಪಿಸಿ ಎಂದ ಮಾತ್ರಕ್ಕೆ ಮೇಲಲ್ಲ. ಆ ಆಟಕ್ಕೆ ಆ ಯಂತ್ರದಲ್ಲಿ ಎಷ್ಟು ಕೆಲಸ ಮಾಡಿದ್ದಾರೆ ಎಂಬುದನ್ನು ಒಂದೊಂದಾಗಿ ನೋಡಬೇಕು. ಇನ್ನೊಂದು ಮಾತು: ಪಟ್ಟಿಯಲ್ಲಿ ಬ್ಲಡ್‌ಬೋರ್ನ್ ಏಕಿಲ್ಲ? ಈ ಮನೆಯಲ್ಲಿ ಅದನ್ನು ಅತಿ ಹೆಚ್ಚು ಗಂಟೆ ಆಡಿದವನು ನೀನೇ.

ನಾನು: ಅದರ ಉತ್ತರ ನನಗೆ ಗೊತ್ತು. ಅದು 2015ರಲ್ಲಿ ಪ್ಲೇಸ್ಟೇಷನ್ 4ಕ್ಕೆಂದು ಬಂದ ಆಟ, ಪಿಸಿಗೆ ಇದುವರೆಗೂ ಬಂದಿಲ್ಲ, ನಮ್ಮ ಹಾಲಿನ ಹೊಸ ಯಂತ್ರದಲ್ಲಿಯೂ ಸೆಕೆಂಡಿಗೆ 30 ಫ್ರೇಮ್ ಮೀರುವುದಿಲ್ಲ. ಅದನ್ನು ಬರೆದರೆ ಪಟ್ಟಿಯ ನಿಯಮಕ್ಕೇ ಕುತ್ತು ಬರುತ್ತದೆ.

ತಮ್ಮ: ಬ್ಲಡ್‌ಬೋರ್ನ್ ಅಪವಾದ. ಅದನ್ನು ಹಾಲಿನಲ್ಲಿ ಆಡುವಾಗ ಗುಂಡಿ ಒತ್ತಿದ್ದು ತಡವಾಗಿ ತಲುಪುತ್ತದೆ ಎಂದು ನಾನು ಆಗಿನಿಂದಲೂ ದೂರುತ್ತಲೇ ಇದ್ದೇನೆ. ಆ ಕನ್ಸೋಲ್ ಸಾಲದು ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ.

ಅತ್ತಿಗೆ: ಒಂದು ನಿಮಿಷ ತಡೆಯಿರಿ, ನಾನೀಗ ಹಾಲಿನಲ್ಲಿಯೇ ಕುಳಿತಿದ್ದೇನೆ. ಟಿವಿಯ ಸೆಟ್ಟಿಂಗ್ ತೆರೆದು ನೋಡಿದೆ. ಆಟಕ್ಕೆಂದು ತಡವನ್ನು ತಗ್ಗಿಸುವ ಗೇಮ್ ಮೋಡ್ ಆಫ್ ಆಗಿದೆ.

ಭಾವ: ಎಷ್ಟು ದಿನಗಳಿಂದ?

ಅತ್ತಿಗೆ: ಟಿವಿ ತಂದ ದಿನದಿಂದ ಇರಬೇಕು. ಸಿನಿಮಾ ಮೋಡ್‌ನಲ್ಲಿತ್ತು, ಚಲನೆಯನ್ನು ನಯಗೊಳಿಸುವ ಆಯ್ಕೆಯೂ ಆನ್ ಇತ್ತು. ಈಗ ಬದಲಾಯಿಸಿ ನೋಡಿದೆ. ಮೆನುವಿನಲ್ಲಿ ಕಂಟ್ರೋಲರ್ ಅಲುಗಾಡಿಸಿದರೇ ವ್ಯತ್ಯಾಸ ಗೊತ್ತಾಗುತ್ತದೆ.

ನಾನು: ಹಾಗಾದರೆ 17 ಮಿಲಿಸೆಕೆಂಡಿನ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ. ಚಿತ್ರಕ್ಕೆ ಮೆರುಗು ಕೊಡಲು ಟಿವಿ ಮಾಡುವ ಸಂಸ್ಕರಣೆಯೊಂದರಿಂದಲೇ ಹಲವು ಫ್ರೇಮ್‌ಗಳಷ್ಟು ತಡವಾಗಬಹುದು. ನೀನು ಇಷ್ಟು ದಿನ ದೂರುತ್ತಿದ್ದದ್ದು ಕನ್ಸೋಲನ್ನಲ್ಲ, ಟಿವಿಯ ಸಿನಿಮಾ ಪ್ರೀತಿಯನ್ನು.

ತಮ್ಮ: ಅತ್ತಿಗೆ, ಇದಕ್ಕೆ ನಾನು ನಿಮಗೆ ಋಣಿ. ಆದರೂ ಪಟ್ಟಿ ಪೂರ್ತಿ ಬಿದ್ದುಹೋಗಲಿಲ್ಲ.

ಚಿಕ್ಕಪ್ಪ: ಬಿದ್ದುಹೋಗಲಿ ಎಂದು ಯಾರೂ ಬಯಸುತ್ತಿಲ್ಲ ಮಗು, ಆದರೆ ಅದರಲ್ಲಿ ಕಣ್ಣಿನ ಸಂಗತಿ ಬಂದಿಲ್ಲ. ನೀನು ಬಾಲ್ಡರ್ಸ್ ಗೇಟ್ 3ನ್ನು ನನ್ನ ಹೆಸರಿನ ಮುಂದೆ ಸ್ಟೀಮ್ ಡೆಕ್‌ಗೆ ಬರೆದಿದ್ದೀಯೆ. ಆ ಆಟದಲ್ಲಿ ಯುದ್ಧಕ್ಕಿಂತ ಓದು ಹೆಚ್ಚು: ಪ್ರತಿ ಪುಸ್ತಕ, ಪ್ರತಿ ಉಂಗುರ, ಪ್ರತಿ ಮಂತ್ರಕ್ಕೂ ಒಂದು ವಿವರಣೆ ಇದೆ, ಅದನ್ನು ಓದದೆ ಮುಂದೆ ಹೋದರೆ ಪಶ್ಚಾತ್ತಾಪ ತಪ್ಪಿದ್ದಲ್ಲ. ಏಳು ಇಂಚಿನ ಪರದೆಯಲ್ಲಿ ಆ ಅಕ್ಷರಗಳನ್ನು ಓದಲು ನಾನು ಕನ್ನಡಕವನ್ನು ಹಣೆಗೇರಿಸಿ, ಡೆಕ್ಕನ್ನು ಮೂಗಿನ ಹತ್ತಿರ ಹಿಡಿದು, ಅದರ ಫ್ಯಾನಿನ ಬಿಸಿಗಾಳಿ ಮುಖಕ್ಕೆ ಬಡಿಯುವಂತೆ ಕೂರಬೇಕಾಗುತ್ತದೆ. ಕಳೆದ ವಾರ ಒಂದು ಶಾಪದ ಉಂಗುರವನ್ನು ವರದ ಉಂಗುರವೆಂದು ತಿಳಿದು ತೊಟ್ಟುಕೊಂಡೆ. ಮೂರನೆಯ ಅಂಕದ ದೊಡ್ಡ ಪಟ್ಟಣಕ್ಕೆ ಬಂದ ಮೇಲಂತೂ ಯಂತ್ರವೇ ಏದುಸಿರು ಬಿಡತೊಡಗಿತು.

ತಮ್ಮ: ಚಿಕ್ಕಪ್ಪ, ಆ ಆಟ ಸ್ಟೀಮ್‌ನಲ್ಲಿ ನಮ್ಮ ಹತ್ತಿರ ಆಗಲೇ ಇದೆ, ಆದ್ದರಿಂದ ಅದೇ ಪ್ರತಿಯನ್ನು ನೀವು ನನ್ನ ಪಿಸಿಯಲ್ಲಿಯೂ ಆಡಬಹುದು, ಸೇವ್ ಕ್ಲೌಡ್ ಮೂಲಕ ತಾನಾಗಿಯೇ ಬರುತ್ತದೆ. ಪ್ಲೇಸ್ಟೇಷನ್‌ಗೂ ಆಟದ ಕಂಪನಿಯ ಖಾತೆಯ ಮೂಲಕ ಸೇವ್ ಒಯ್ಯಬಹುದು, ಆದರೆ ಅಲ್ಲಿ ಆಟವನ್ನು ಇನ್ನೊಮ್ಮೆ ಕೊಳ್ಳಬೇಕಾಗುತ್ತದೆ. ಎರಡು ಕಡೆ ಕೊಳ್ಳಬಾರದು ಎಂಬುದೇ ಈ ಪಟ್ಟಿಯ ಮೂಲ ಉದ್ದೇಶ.

ಅತ್ತಿಗೆ: ಕೊಂಡರೆ ತಪ್ಪೇನು? ಪ್ಲೇಸ್ಟೇಷನ್‌ನಲ್ಲಿ ಅದನ್ನು ಪರದೆ ಸೀಳಿ ಇಬ್ಬರು ಒಟ್ಟಿಗೆ ಆಡಬಹುದು. ನಾನೂ ಚಿಕ್ಕಪ್ಪನವರೂ ಸೋಫಾದಲ್ಲಿ ಕುಳಿತು ಆಡುತ್ತೇವೆ, ಅಕ್ಷರಗಳನ್ನು ನಾನು ಓದಿ ಹೇಳುತ್ತೇನೆ. ಪಿಸಿಯಲ್ಲಿಯೂ ಆ ಸೌಲಭ್ಯ ಇದೆ ಎಂದು ನೀನು ಹೇಳುತ್ತೀಯೆ, ಇದೆ ಕೂಡ. ಆದರೆ ನಿನ್ನ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಯಾವ ಆಟ ಯಾವ ಯಂತ್ರದಲ್ಲಿ ಎಂದು ಕೇಳುವ ಮೊದಲು ಯಾರ ಜೊತೆ ಎಂದು ಕೇಳಬೇಕಿತ್ತು. ಮೈನ್‌ಕ್ರಾಫ್ಟ್ ವಿಷಯದಲ್ಲಿಯೂ ಇದೇ ಎಡವಟ್ಟಾಗಿದೆ. ನೀನು ಪಿಸಿಯ ಜಾವಾ ಆವೃತ್ತಿ ಎಂದು ಬರೆದಿದ್ದೀಯೆ.

ತಮ್ಮ: ಜಾವಾ ಆವೃತ್ತಿಯಲ್ಲಿ ಆಟಗಾರರೇ ಮಾಡಿ ಸೇರಿಸುವ ಮಾಡ್‌ಗಳ ಸಂಪತ್ತೇ ಬೇರೆ ಅತ್ತಿಗೆ. ಜನ ಅದರೊಳಗೆ ರೈಲು, ಕಾರ್ಖಾನೆ, ಹೊಸ ಲೋಕಗಳನ್ನೇ ಕಟ್ಟಿದ್ದಾರೆ.

ಅತ್ತಿಗೆ: ನನ್ನ ಮಗಳ ಗೆಳತಿಯರು ಫೋನ್‌ನಲ್ಲಿ, ಟ್ಯಾಬ್‌ನಲ್ಲಿ, ಕನ್ಸೋಲ್‌ನಲ್ಲಿ ಆಡುತ್ತಾರೆ, ಎಲ್ಲರದೂ ಬೆಡ್‌ರಾಕ್ ಆವೃತ್ತಿ. ಬೆಡ್‌ರಾಕ್‌ನವರು ಯಂತ್ರ ಯಾವುದಾದರೂ ಒಂದೇ ಲೋಕದಲ್ಲಿ ಸೇರಬಹುದು. ಜಾವಾ ಆವೃತ್ತಿಯವರ ಲೋಕಕ್ಕೆ ಅವರು ನೇರವಾಗಿ ಬರಲಾಗುವುದಿಲ್ಲ. ನಿನ್ನ ಪಟ್ಟಿಯ ಪ್ರಕಾರ ಅವಳು ಬಹಳ ಚೆಂದದ ರೈಲು ಕಟ್ಟುತ್ತಾಳೆ, ಆದರೆ ಅದರಲ್ಲಿ ಹತ್ತುವವರು ಯಾರೂ ಇರುವುದಿಲ್ಲ.

ತಮ್ಮ: ಇದನ್ನು ನಾನು ಯೋಚಿಸಿರಲಿಲ್ಲ. 2022ರಿಂದ ವಿಂಡೋಸ್‌ನಲ್ಲಿ ಎರಡೂ ಆವೃತ್ತಿಗಳು ಒಟ್ಟಿಗೇ ಸಿಗುತ್ತವೆ, ಹಾಗಾಗಿ ಹೊಸದಾಗಿ ಕೊಳ್ಳುವುದೇನೂ ಇಲ್ಲ. ಬೆಡ್‌ರಾಕ್ ಎಂದು ತಿದ್ದುತ್ತೇನೆ.

ನಾನು: ನಾನು ಬೆಳಗಿನಿಂದ ಹೇಳಬೇಕೆಂದಿದ್ದ ಮಾತನ್ನು ಈಗ ಹೇಳುತ್ತೇನೆ. ಪಟ್ಟಿಯ ಮೊದಲ ಕಾಲಂ ಚಿತ್ರದ ಗುಣಮಟ್ಟ ಆಗಬಾರದು, ಸೇವ್ ಎಲ್ಲಿದೆ ಎಂಬುದಾಗಬೇಕು. ಆಟ ಶುರುಮಾಡುವ ಮುನ್ನ ಯಂತ್ರವನ್ನು ಆರಿಸುವುದು ನಮ್ಮ ಕೈಯಲ್ಲಿದೆ. ಶುರುವಾದ ಮೇಲೆ ಅನೇಕ ಸಲ ಇಲ್ಲ. ಬೇಸಾಯದ ಆಟ ಸ್ಟಾರ್‌ಡ್ಯೂ ವ್ಯಾಲಿಯನ್ನು ತಮ್ಮ ಪಿಸಿಗೆ ಬರೆದಿದ್ದಾನೆ, ಮಾಡ್‌ಗಳ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಅಕ್ಕನ ಹೊಲ ಇರುವುದು ಸ್ವಿಚ್‌ನಲ್ಲಿ, ಅದನ್ನು ಪಿಸಿಗೆ ಸಾಗಿಸುವ ದಾರಿಯನ್ನು ಆಟದವರು ಕೊಟ್ಟಿಲ್ಲ. ವಿಚರ್ 3 ಹಾಗಲ್ಲ, ಅದರ ಸೇವ್ ಸ್ವಿಚ್‌ನಿಂದ ಪಿಸಿಗೆ ಹೋಗುತ್ತದೆ. ಹೇಡೀಸ್ ಕೂಡ ಹೋಗುತ್ತದೆ. ಹೊರಗಿನಿಂದ ನೋಡಿದರೆ ಇದು ತಿಳಿಯುವುದಿಲ್ಲ, ಒಂದೊಂದು ಆಟಕ್ಕೂ ವಿಚಾರಿಸಿಯೇ ತಿಳಿಯಬೇಕು. ಮೂರು ವರ್ಷಗಳ ಹಿಂದೆ ನಾನು ಇದನ್ನು ವಿಚಾರಿಸದೆ ನಲವತ್ತು ಗಂಟೆ ಆಡಿದ ಒಂದು ಆಟವನ್ನು ಇನ್ನೊಂದು ಯಂತ್ರದಲ್ಲಿ ಮತ್ತೆ ಕೊಂಡು, ಮೊದಲ ಹಳ್ಳಿಯಲ್ಲಿ ಮರದ ಕತ್ತಿ ಹಿಡಿದು ನಿಂತಾಗ ಆದ ಬೇಸರ ಇನ್ನೂ ನೆನಪಿದೆ. ಆ ಆಟವನ್ನು ಎರಡೂ ಕಡೆ ಮುಗಿಸಲಿಲ್ಲ.

ಅಕ್ಕ: ನನ್ನ ಹೊಲದಲ್ಲಿ ಈಗ ಐದನೆಯ ವರ್ಷದ ಚಳಿಗಾಲ. ಅದನ್ನು ಬಿಟ್ಟು ಬಾ ಎಂದು ಯಾವ ಪಟ್ಟಿಯೂ ನನಗೆ ಹೇಳಕೂಡದು.

ಭಾವ: ಈ ವಿಷಯದಲ್ಲಿ ನಾನು ಸಾಕ್ಷಿ. ಮನೆಯ ಕುಂಡಗಳಿಗೆ ನೀರು ಹಾಕುವುದು ಮರೆತರೂ ಆ ಹೊಲಕ್ಕೆ ಮರೆತಿಲ್ಲ.

ತಮ್ಮ: ಪಿಸಿಯ ಪರವಾಗಿ ಕೊನೆಯದಾಗಿ ಒಂದು ಮಾತು, ಇದನ್ನು ಯಾರೂ ಎತ್ತಲಿಲ್ಲ. 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಒಂದೇ ಮನೆಯ ಆರು ಜನ ಸೇರಬಹುದು. ಹಂಚಿಕೊಳ್ಳಲು ಬಿಟ್ಟಿರುವ ಆಟಗಳನ್ನು ಎಲ್ಲರೂ ತಮ್ಮ ತಮ್ಮ ಸೇವ್ ಇಟ್ಟುಕೊಂಡು ಆಡಬಹುದು. ಒಂದೇ ಪ್ರತಿಯನ್ನು ಇಬ್ಬರು ಏಕಕಾಲಕ್ಕೆ ಆಡಲಾಗದು ಎಂಬುದಷ್ಟೇ ತೊಡಕು. ಕನ್ಸೋಲ್‌ನ ಅಂಗಡಿಗಳು ಒಂದು ದಿನ ಮುಚ್ಚುತ್ತವೆ ಎಂಬುದನ್ನೂ ಗಮನಿಸಿ: ನಿಂಟೆಂಡೊದ ಹಳೆಯ ಯಂತ್ರಗಳಾದ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ 2023ರ ಮಾರ್ಚ್ 27ರ ನಂತರ ಹೊಸದಾಗಿ ಏನನ್ನೂ ಕೊಳ್ಳಲು ಆಗುತ್ತಿಲ್ಲ. ಹಾಗಾಗಿ ಒಬ್ಬರೇ ಆಡುವ, ಅವಸರವಿಲ್ಲದ, ಸೇವ್ ಇನ್ನೂ ಶುರುವಾಗದ ಆಟವಾದರೆ ಸ್ಟೀಮ್‌ನಲ್ಲಿಯೇ ಕೊಳ್ಳೋಣ. ಚಿಕ್ಕಪ್ಪನ ಡೆಕ್‌ನಲ್ಲಿಯೂ ಅದೇ ಪ್ರತಿ ನಡೆಯುತ್ತದೆ.

ಚಿಕ್ಕಪ್ಪ: ಇದು ನ್ಯಾಯವಾದ ಮಾತು. ಆದರೆ ನಿನ್ನ ಪಟ್ಟಿಯಲ್ಲಿ ವ್ಯಾಲರಂಟ್ ಮುಂದೆಯೂ ಡೆಕ್ ಎಂದು ಬರೆದಿದೆಯಲ್ಲ?

ನಾನು: ಅದು ತಪ್ಪು ಚಿಕ್ಕಪ್ಪ. ಡೆಕ್‌ನೊಳಗೆ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್; ವ್ಯಾಲರಂಟ್‌ನ ಮೋಸ ತಡೆಯುವ ತಂತ್ರಾಂಶ ಅದರಲ್ಲಿ ನಡೆಯುವುದಿಲ್ಲ.

ಚಿಕ್ಕಪ್ಪ: ಒಳ್ಳೆಯದಾಯಿತು. ಹುಡುಗರ ಕೈಯಲ್ಲಿ ಗುಂಡೇಟು ತಿನ್ನುವುದು ತಪ್ಪಿತು.

ತಮ್ಮ: ತಿದ್ದಿದ ಪಟ್ಟಿಯನ್ನು ಹಾಕಿದ್ದೇನೆ. ಮೊದಲ ಕಾಲಂ ಸೇವ್, ಎರಡನೆಯದು ಯಾರ ಜೊತೆ, ಮೂರನೆಯದು ಕೈಗೆ ಮೌಸ್ ಬೇಕೋ ಕಂಟ್ರೋಲರ್ ಸಾಕೋ ಎಂಬುದು, ಚಿತ್ರದ ಗುಣಮಟ್ಟ ನಾಲ್ಕನೆಯದು. ಪಿಸಿಯಲ್ಲಿ ಉಳಿದದ್ದು ಎಂಟು. ಬಾಲ್ಡರ್ಸ್ ಗೇಟ್ 3ನ್ನು ಹಾಲಿಗಾಗಿ ಇನ್ನೊಮ್ಮೆ ಕೊಳ್ಳಬೇಕೋ ಬೇಡವೋ ಎಂಬುದರಲ್ಲಿ ಮಾತ್ರ ನನ್ನ ಆಕ್ಷೇಪ ಹಾಗೆಯೇ ಇದೆ. ದ್ವೀಪದಲ್ಲಿ ಮನೆ ಮಾಡಿಕೊಂಡು ಬದುಕುವ ಆಟ ಆನಿಮಲ್ ಕ್ರಾಸಿಂಗ್ ನಮ್ಮ ಯಂತ್ರಗಳಲ್ಲಿ ಸ್ವಿಚ್ ಬಿಟ್ಟು ಬೇರೆ ಯಾವುದಕ್ಕೂ ಇಲ್ಲದ್ದರಿಂದ ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಅತ್ತಿಗೆ: ಇದೆ. ಮಗಳು ಪಕ್ಕದಲ್ಲಿ ಕುಳಿತು ನನ್ನಿಂದ ಬರೆಸುತ್ತಿದ್ದಾಳೆ. ಒಂದು ಸ್ವಿಚ್‌ಗೆ ಒಂದೇ ದ್ವೀಪ, ಅದರಲ್ಲಿ ಮೊದಲು ಆಟ ಶುರುಮಾಡಿದವರಿಗೆ ಮಾತ್ರ ಸೇತುವೆ ಕಟ್ಟಿಸುವ ಅಧಿಕಾರ. ಅವಳ ಮನೆ ಹೊಳೆಯ ಆಚೆ ಇದೆ, ಪ್ರತಿ ದಿನ ಕೋಲು ಊರಿ ಹಾರಿ ದಾಟಬೇಕಾಗಿದೆ. ಸೇತುವೆ ಯಾವಾಗ ಎಂದು ಅತ್ತೆಯನ್ನು ಕೇಳಬೇಕಂತೆ.

ಅಕ್ಕ: ಅಯ್ಯೋ, ಅವಳ ಮನೆ ಆಚೆ ದಡದಲ್ಲಿದೆ ಎಂಬುದನ್ನೇ ನಾನು ಗಮನಿಸಿರಲಿಲ್ಲ. ಮಗು ಮಲಗಿದ ಮೇಲೆ ಸ್ವಿಚ್ ತರುತ್ತೇನೆ, ಎಲ್ಲಿ ಬೇಕೆಂದು ಬಂದು ತೋರಿಸಲಿ. ಮರದ್ದು ಬೇಕೋ ಕಲ್ಲಿನದೋ ಎಂದೂ ಕೇಳಿ ಹೇಳಿ.

ಅತ್ತಿಗೆ: ಕಲ್ಲಿನದಂತೆ.